ಟಿನ್ ಲಿಜ್ಜಿ ಕಲಿಸಿದ ಪಾಠ

ಕಾರು ಎಂದರೆ ಕೀಲಿ ತಿರುಗಿಸಿದೊಡನೆ ಹೊರಡುವ ವಾಹನ ಎಂಬ ಭಾವನೆ ಇಂದು ಎಲ್ಲರಲ್ಲೂ ಇದೆ. ಆದರೆ 1930ರ ದಶಕದಲ್ಲಿ ಅಮೆರಿಕದ ಹಳ್ಳಿ, ಸಣ್ಣ ಪಟ್ಟಣಗಳ ಹದಿಹರೆಯದ ಹುಡುಗರ ಪಾಲಿಗೆ ಕಾರು ಹೊರಡಿಸುವುದೇ ಒಂದು ಸಾಹಸ. ಅವರಲ್ಲಿ ಹಲವರ ಮೊದಲ ಕಾರು ಫೋರ್ಡ್ ಕಂಪನಿಯ ‘ಮಾಡೆಲ್ ಟಿ’. ಅದೂ ಮೂರು ನಾಲ್ಕು ಕೈ ದಾಟಿ ಬಂದದ್ದು. ಜನ ಅದನ್ನು ಪ್ರೀತಿಯಿಂದಲೂ ಗೇಲಿಯಿಂದಲೂ ‘ಟಿನ್ ಲಿಜ್ಜಿ’ ಎಂದು ಕರೆಯುತ್ತಿದ್ದರು.

ಹೆನ್ರಿ ಫೋರ್ಡ್ ಈ ಕಾರನ್ನು ಮಾರುಕಟ್ಟೆಗೆ ತಂದದ್ದು 1908ರಲ್ಲಿ. ಆಗ ಇದರ ಬೆಲೆ 850 ಡಾಲರ್ ಆಸುಪಾಸಿನಲ್ಲಿತ್ತು. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಉತ್ಪಾದನೆ ಏರಿತು, ಬೆಲೆ ಇಳಿಯಿತು. 1925ರ ಹೊತ್ತಿಗೆ ಅತಿ ಅಗ್ಗದ ಮಾದರಿ 260 ಡಾಲರಿಗೆ ದೊರೆಯುತ್ತಿತ್ತು. 1927ರಲ್ಲಿ ತಯಾರಿಕೆ ನಿಂತಾಗ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. ಹೊಸದಾಗಿದ್ದಾಗ ಅದು ಗಟ್ಟಿ ಗಾಡಿಯೇ. ಆದರೆ ಹತ್ತು ಹದಿನೈದು ವರ್ಷ ಕಚ್ಚಾ ರಸ್ತೆಯಲ್ಲಿ ದುಡಿದು, ಕೊಟ್ಟಿಗೆಯ ಮೂಲೆ ಸೇರಿದ ಗಾಡಿಗಳು ಕೆಲವೇ ಡಾಲರುಗಳಿಗೆ ಮಾರಾಟವಾದಾಗ ಕೊಂಡವರು ಶಾಲಾ ಹುಡುಗರು.

ಹಳೆಯ ಮಾದರಿಗಳಲ್ಲಿ ವಿದ್ಯುತ್ ಸ್ಟಾರ್ಟರ್ ಇರಲಿಲ್ಲ. 1919ರಿಂದಷ್ಟೇ ಅದು ಬಂತು. ಅಲ್ಲಿಯವರೆಗೆ ಎಲ್ಲಕ್ಕೂ ಮುಂಭಾಗದ ಹ್ಯಾಂಡಲ್ಲೇ ಗತಿ. ಮೊದಲು ಸ್ಟೀರಿಂಗಿನ ಎಡಕ್ಕಿರುವ ಲಿವರ್ ಸರಿಸಿ ಕಿಡಿ ತಡವಾಗಿ ಹೊತ್ತುವಂತೆ ಮಾಡಬೇಕು. ಬಲಕ್ಕಿರುವ ಲಿವರಿನಿಂದ ಪೆಟ್ರೋಲು ಸ್ವಲ್ಪ ಬಿಡಬೇಕು. ಆಮೇಲೆ ಮುಂದೆ ಬಂದು, ಚೋಕ್ ತಂತಿ ಎಳೆದು, ಎಡಗೈಯಿಂದ ಹ್ಯಾಂಡಲನ್ನು ಮೇಲಕ್ಕೆ ಜಗ್ಗಬೇಕು. ಹೆಬ್ಬೆರಳು ಹ್ಯಾಂಡಲನ್ನು ಸುತ್ತಿಕೊಳ್ಳದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಕಿಡಿಯ ಲಿವರ್ ಮರೆತರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು; ಮಣಿಕಟ್ಟೋ ಮುಂಗೈ ಮೂಳೆಯೋ ಮುರಿಯುತ್ತಿತ್ತು. ನಮ್ಮಲ್ಲೂ ಹಳೆಯ ಬಸ್ಸು, ಲಾರಿಗಳ ಹ್ಯಾಂಡಲ್ ತಿರುಗಿಸಿದ ಕ್ಲೀನರುಗಳಿಗೆ ಈ ಒದೆತದ ರುಚಿ ಗೊತ್ತಿತ್ತು.

ಚಳಿಗಾಲದ ಪಾಡು ಬೇರೆ. ಎಣ್ಣೆ ಗಟ್ಟಿಯಾಗಿ ಕ್ಲಚ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದುದರಿಂದ, ಎಂಜಿನ್ ಹೊತ್ತಿಕೊಂಡ ಕೂಡಲೇ ಗಾಡಿ ಹ್ಯಾಂಡಲ್ ಹಿಡಿದವನ ಮೇಲೆಯೇ ಬರುತ್ತಿತ್ತು. ಅದಕ್ಕಾಗಿ ಅನುಭವಸ್ಥರು ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿ ನಿಲ್ಲಿಸಿಯೇ ಹ್ಯಾಂಡಲಿಗೆ ಕೈ ಹಾಕುತ್ತಿದ್ದರು.

ಹೊರಟ ಮೇಲೂ ನೆಮ್ಮದಿ ಇರಲಿಲ್ಲ. ಪೆಟ್ರೋಲು ಎಷ್ಟಿದೆ ಎಂದು ತೋರಿಸುವ ಮಾಪಕವಿಲ್ಲ. ಸೀಟಿನ ಮೆತ್ತೆ ಎತ್ತಿ ಟ್ಯಾಂಕಿಗೆ ಕೋಲು ಅದ್ದಿ ನೋಡಬೇಕು. ಪಂಪೂ ಇಲ್ಲ, ಇಂಧನ ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯಬೇಕು. ಟ್ಯಾಂಕಿನಲ್ಲಿ ಕಡಿಮೆ ಇದ್ದು ದಿಬ್ಬ ಕಡಿದಾಗಿದ್ದರೆ ಹರಿವು ನಿಂತು ಎಂಜಿನ್ ಆರುತ್ತಿತ್ತು. ಹುಡುಗರು ಕಂಡುಕೊಂಡ ಉಪಾಯ ಸರಳ: ಗಾಡಿ ತಿರುಗಿಸಿ, ರಿವರ್ಸಿನಲ್ಲೇ ದಿಬ್ಬ ಹತ್ತುವುದು! ರಿವರ್ಸಿಗೆ ಪ್ರತ್ಯೇಕ ಪೆಡಲ್ ಇದ್ದುದರಿಂದ, ಬ್ರೇಕ್ ಸವೆದಾಗ ಅದನ್ನೇ ಒತ್ತಿ ಗಾಡಿ ನಿಲ್ಲಿಸುವವರೂ ಇದ್ದರು.

ಇಷ್ಟೆಲ್ಲ ಕಾಟ ಕೊಟ್ಟ ಕಾರನ್ನು ಆ ತಲೆಮಾರು ಅಕ್ಕರೆಯಿಂದ ನೆನೆದದ್ದೇಕೆ? ಮೊದಲ ಕಾರಣ ಸ್ವಾತಂತ್ರ್ಯ. ಕುದುರೆ ಗಾಡಿಯ ಕಾಲದಲ್ಲಿ ಹುಡುಗನ ಲೋಕ ಮನೆಯ ಸುತ್ತಲಿನ ಕೆಲವು ಮೈಲಿಗಳಿಗೆ ಸೀಮಿತ. ಕಾರು ಆ ಎಲ್ಲೆಯನ್ನು ಒಡೆಯಿತು. ಕಾನೂನಿನ ಕಟ್ಟುಪಾಡೂ ಎಲ್ಲೆಡೆ ಬಿಗಿಯಾಗಿರಲಿಲ್ಲ. ದಕ್ಷಿಣ ಡಕೋಟಾ ರಾಜ್ಯದಲ್ಲಿ ಚಾಲನಾ ಪರವಾನಗಿ ಕಡ್ಡಾಯವಾದದ್ದು 1954ರಲ್ಲಿ. ಇದರಿಂದ ಹೆತ್ತವರಿಗೆ ಕಳವಳ ಸಹಜ. ಸಮಾಜಶಾಸ್ತ್ರಜ್ಞರಾದ ರಾಬರ್ಟ್ ಮತ್ತು ಹೆಲೆನ್ ಲಿಂಡ್ ದಂಪತಿ ಇಂಡಿಯಾನಾದ ಮನ್ಸಿ ಪಟ್ಟಣವನ್ನು ಅಧ್ಯಯನ ಮಾಡಿ 1929ರಲ್ಲಿ ಪ್ರಕಟಿಸಿದ ‘ಮಿಡ್ಲ್‌ಟೌನ್’ ಗ್ರಂಥದಲ್ಲಿ, ಮಕ್ಕಳಿಗೂ ಹೆತ್ತವರಿಗೂ ನಡುವಿನ ಜಗಳದ ಕಾರಣಗಳಲ್ಲಿ ಕಾರಿನ ಬಳಕೆಯೂ ಒಂದೆಂದು ದಾಖಲಾಗಿದೆ.

ಎರಡನೆಯ ಕಾರಣ ಇನ್ನೂ ಆಳವಾದದ್ದು. ಕೆಟ್ಟ ಗಾಡಿಯನ್ನು ಸರಿಪಡಿಸಲು ಹಣವಿಲ್ಲದವನು ತಾನೇ ಕಲಿಯಬೇಕಾಯಿತು. ಸ್ಪ್ಯಾನರ್, ಇಕ್ಕಳ, ಚೂರು ತಂತಿ ಇದ್ದರೆ ಮಾಡೆಲ್ ಟಿಯ ಬಹುಪಾಲು ರೋಗಗಳಿಗೆ ಮದ್ದು ಸಿಗುತ್ತಿತ್ತು. ಕ್ಯಾಲಿಫೋರ್ನಿಯಾದ ಹುಡುಗರು ಇನ್ನೂ ಮುಂದೆ ಹೋಗಿ, ಮಡ್‌ಗಾರ್ಡ್ ಕಿತ್ತು, ಎಂಜಿನ್ ಬದಲಿಸಿ, ಮ್ಯುರಾಕ್‌ನ ಒಣ ಸರೋವರದ ಮೇಲೆ ಪಂದ್ಯ ನಡೆಸಿದರು. ‘ಹಾಟ್ ರಾಡ್’ ಎಂಬ ಹವ್ಯಾಸ ಬೆಳೆದದ್ದು ಹೀಗೆ. ಬೀದಿ ಪಂದ್ಯಗಳ ಅನಾಹುತ ತಪ್ಪಿಸಿ ಅದನ್ನು ಸುರಕ್ಷಿತ ಮೈದಾನಕ್ಕೆ ತರಲು 1951ರಲ್ಲಿ ರಾಷ್ಟ್ರೀಯ ಸಂಘವೇ ಹುಟ್ಟಿತು.

1936ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಇ.ಬಿ. ವೈಟ್ ಮತ್ತು ರಿಚರ್ಡ್ ಸ್ಟ್ರೌಟ್ ಈ ಕಾರಿಗೆ ವಿದಾಯ ಹೇಳುವ ಪ್ರಬಂಧವೊಂದನ್ನು ಬರೆದರು. ಓದುಗರು ಅದರಲ್ಲಿ ತಮ್ಮದೇ ಹರೆಯವನ್ನು ಕಂಡಿದ್ದರೆ ಆಶ್ಚರ್ಯವಿಲ್ಲ.

ಇಂದಿನ ಕಾರಿನ ದೋಷವನ್ನು ಕಂಪ್ಯೂಟರ್ ಪತ್ತೆ ಮಾಡುತ್ತದೆ. ದುರಸ್ತಿ ವರ್ಕ್‌ಶಾಪಿನವರ ಕೆಲಸ. ಮಣಿಕಟ್ಟು ಮುರಿಯುವ ಭಯವಿಲ್ಲ, ಪ್ರಯಾಣವೂ ಎಷ್ಟೋ ಸುರಕ್ಷಿತ. ಇದು ಲಾಭವೇ ಸರಿ. ಆದರೂ ಅಮೆರಿಕದಲ್ಲಿ ಮಾಡೆಲ್ ಟಿ ಹವ್ಯಾಸಿಗಳು ಇಂದಿಗೂ ಅಲ್ಲಲ್ಲಿ ಕೂಡುತ್ತಾರೆ. ಹ್ಯಾಂಡಲ್ ಹಿಡಿಯಲು ಬಂದ ಎಳೆಯರಿಗೆ ಹಿರಿಯರು ಮೊದಲು ಹೇಳಿಕೊಡುವುದು, ಹೆಬ್ಬೆರಳನ್ನು ಎಲ್ಲಿಡಬೇಕು ಎಂಬುದನ್ನು.