ತಾನೇ ತಿದ್ದಿಕೊಳ್ಳುವ ಯಂತ್ರ

ಹಡಗಲಿಯಿಂದ ಕೊಟ್ಟೂರ ತೇರಿಗೆ ಹೊರಟವನಿಗೆ ಹಗರಿಬೊಮ್ಮನಹಳ್ಳಿಯ ಮೂಲಕ ಒಂದು ದಾರಿ, ಹರಪನಹಳ್ಳಿಯ ಮೂಲಕ ಇನ್ನೊಂದು. ಯಾವುದು ಲೇಸೆಂಬುದನ್ನು ನಡೆದೇ ತಿಳಿಯಬೇಕು. ಯಂತ್ರವೂ ಹೀಗೆಯೇ ಕಲಿಯಬಲ್ಲುದೆಂದು 1960ರ ದಶಕದ ಆರಂಭದಲ್ಲಿ ಸೋವಿಯತ್ ರಷ್ಯದ ತ್ಸೆಟ್ಲಿನ್ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎ. ಎಲ್. ತಾತಾಚಾರ್ ಅವರು ಯೇಲ್ ವಿಶ್ವವಿದ್ಯಾನಿಲಯದ ಕುಂಪತಿ ನರೇಂದ್ರ ಅವರೊಡನೆ 1974ರಲ್ಲಿ ಈ ವಿದ್ಯೆಯನ್ನು ಸಮೀಕ್ಷಿಸಿ, 1989ರಲ್ಲಿ ಗ್ರಂಥವನ್ನೇ ಬರೆದರು. ಇದರ ಮರ್ಮ ಸರಳ: ಫಲ ಕೊಟ್ಟ ಆಯ್ಕೆಗೆ ಮುಂದಿನ ಸಲ ಹೆಚ್ಚು ಅವಕಾಶ, ಉಳಿದವಕ್ಕೆ ಕಡಿಮೆ. ದೂರವಾಣಿ ಕರೆಗಳ ಹಾದಿ ಆರಿಸಲು ನರೇಂದ್ರ ಮತ್ತು ಸಂಗಡಿಗರು 1977ರಲ್ಲಿ ಇದನ್ನೇ ಅನ್ವಯಿಸಿದರು. ಆದರೆ ಒಂದೇ ದಾರಿಗೆ ಪೂರ್ತಿ ಅಂಟಿಕೊಂಡ ಯಂತ್ರ, ಹಳ್ಳ ಬಂದು ಆ ದಾರಿ ಕೆಟ್ಟರೆ ಬೇರೆಯದನ್ನು ಅರಿಯದು. ಆದ್ದರಿಂದಲೇ ಬಿಟ್ಟ ದಾರಿಗೂ ಅಲ್ಪ ಅವಕಾಶ ಉಳಿಸುವ ಕ್ರಮಗಳುಂಟು. ಯಾವುದು ಒಳ್ಳೆಯ ಫಲವೆಂದು ಯಂತ್ರಕ್ಕೆ ಹೇಳಿಕೊಡುವವನು ಮಾತ್ರ ಮನುಷ್ಯನೇ.