ಒಳಗೆ ಬೇಡ ಅಂದವರೇ ಹೊರಗೆ ಬೇಕು ಅಂತ ಓದಿದರು

ಇವತ್ತಿನ ಕಥೆ ಶುರುವಾಗೋದು 1914ರ ಆಗಸ್ಟ್ 4ರಂದು, ಬರ್ಲಿನ್‌ನ ಸಂಸತ್ತಿನಲ್ಲಿ. ಮೊದಲ ಮಹಾಯುದ್ಧ ಆಗಷ್ಟೇ ಹೊತ್ತಿಕೊಂಡಿದೆ. ಯುದ್ಧದ ಖರ್ಚಿಗೆ ಜರ್ಮನ್ ಸರ್ಕಾರಕ್ಕೆ 500 ಕೋಟಿ ಮಾರ್ಕ್ ಸಾಲ ಬೇಕು. ಅದಕ್ಕೆ ಸಂಸತ್ತು ಒಪ್ಪಬೇಕು. ಅಲ್ಲಿನ ಅತಿ ದೊಡ್ಡ ಪಕ್ಷ ಕಾರ್ಮಿಕರದ್ದು: ಸೋಷಿಯಲ್ ಡೆಮಾಕ್ರಟಿಕ್ ಪಕ್ಷ, ಅಂದರೆ ಎಸ್‌ಪಿಡಿ. ಕೆಲವೇ ದಿನಗಳ ಹಿಂದೆ ಇದೇ ಪಕ್ಷದ ಜನ ಯುದ್ಧ ಬೇಡ ಅಂತ ಬೀದಿಗಿಳಿದಿದ್ದರು.

ಈಗ ಅದೇ ಪಕ್ಷ ಸಾಲಕ್ಕೆ ಒಪ್ಪಿತು. ಆ ಹೇಳಿಕೆ ಓದಿದವರು ಪಕ್ಷದ ನಾಯಕ ಹ್ಯೂಗೊ ಹಾಸೆ. ವಿಚಿತ್ರ ಏನು ಗೊತ್ತಾ? ಹಿಂದಿನ ದಿನ ಪಕ್ಷದ ಒಳಸಭೆಯಲ್ಲಿ ಸಾಲ ಕೊಡೋದು ಬೇಡ ಅಂದಿದ್ದವರಲ್ಲಿ ಅವರೂ ಒಬ್ಬರು! ಅಲ್ಲಿ 78 ಜನ ಬೇಕು ಅಂದ್ರು, 14 ಜನ ಬೇಡ ಅಂದ್ರು. ಒಳಗೆ ಎಷ್ಟೇ ಜಗಳ ಆಡಿ, ಹೊರಗೆ ಮಾತ್ರ ಒಂದೇ ದನಿ. ಅದು ಪಕ್ಷದ ಶಿಸ್ತು.

ಆ 78 ಜನರಿಗೂ ಕಾರಣಗಳಿದ್ದವು. ರಷ್ಯಾದ ತ್ಸಾರ್ ದಂಡೆತ್ತಿ ಬಂದರೆ ಏನು ಗತಿ ಅನ್ನೋದು ಒಂದು ಭಯ. ವಿರೋಧಿಸಿದರೆ ಸರ್ಕಾರ ಪಕ್ಷವನ್ನೂ ಕಾರ್ಮಿಕ ಸಂಘಗಳನ್ನೂ ಮುಚ್ಚಿಸುತ್ತೆ ಅನ್ನೋದು ಇನ್ನೊಂದು.

ಆದರೆ ಯುದ್ಧ ಬೇಗ ಮುಗಿಯಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಸಾಲದ ಪ್ರಶ್ನೆ ಬಂತು. ಈ ಸಲ ಕಾರ್ಲ್ ಲೀಬ್‌ನೆಕ್ಟ್ ಒಬ್ಬರೇ ವಿರುದ್ಧ ಮತ ಹಾಕಿದರು. ಇಡೀ ಸಂಸತ್ತಿನಲ್ಲಿ ಒಬ್ಬರೇ! ಒಂದು ವರ್ಷ ಕಳೆಯೋ ಹೊತ್ತಿಗೆ ವಿರುದ್ಧ ಮತ ಹಾಕಿದ ಎಸ್‌ಪಿಡಿ ಸಂಸದರು 20 ಮಂದಿ. ಅವರಲ್ಲಿ ಹಾಸೆ ಕೂಡ ಇದ್ದರು. 1916ರ ಮಾರ್ಚ್‌ನಲ್ಲಿ ಅವರು ಸಂಸತ್ತಿನಲ್ಲೇ ಎದ್ದು ಸರ್ಕಾರದ ವಿರುದ್ಧ ಮಾತಾಡಿದರು. ಹಾಸೆ ಮತ್ತು ಅವರ ಜೊತೆಗಾರರನ್ನು ಸಂಸದರ ಗುಂಪಿನಿಂದ ಹೊರಹಾಕಲಾಯಿತು.

ಆ ಚಳಿಗಾಲದಲ್ಲಿ ಜರ್ಮನಿಯಲ್ಲಿ ಆಲೂಗಡ್ಡೆಯೂ ಸಿಗಲಿಲ್ಲ. ದನಕ್ಕೆ ಹಾಕೋ ಗೆಡ್ಡೆ ತಿಂದು ಜನ ದಿನ ದೂಡಿದರು. ಯುದ್ಧ ಸಾಕು ಅನ್ನೋ ಕೂಗು ಜೋರಾಯ್ತು. 1917ರ ಏಪ್ರಿಲ್‌ನಲ್ಲಿ, ಗೋಥಾ ಊರಲ್ಲಿ, ಹೊರಬಿದ್ದವರು ಹೊಸ ಪಕ್ಷವನ್ನೇ ಕಟ್ಟಿದರು. ಸಿದ್ಧಾಂತದ ವಿಷಯಕ್ಕೆ ವರ್ಷಗಟ್ಟಲೆ ಕಿತ್ತಾಡಿದ್ದ ಕೌಟ್‌ಸ್ಕಿ ಮತ್ತು ಬರ್ನ್‌ಸ್ಟೈನ್ ಇಬ್ಬರೂ ಇದಕ್ಕೇ ಬಂದರು. ಅಂದರೆ ಪಕ್ಷ ಒಡೆದದ್ದು ಹಳೇ ಸಿದ್ಧಾಂತದ ಗೆರೆಯ ಮೇಲಲ್ಲ, ಯುದ್ಧದ ಗೆರೆಯ ಮೇಲೆ.

1918ರ ನವೆಂಬರ್‌ನಲ್ಲಿ ಚಕ್ರವರ್ತಿ ಪದಚ್ಯುತನಾದ. ಎರಡೂ ಪಕ್ಷಗಳು ಸೇರಿ ಸರ್ಕಾರ ಮಾಡಿದವು, ತಲಾ ಮೂವರು. ಅದು ಎರಡು ತಿಂಗಳೂ ಉಳಿಯಲಿಲ್ಲ. ಮರುವರ್ಷ ಹಾಸೆ ಗುಂಡೇಟಿಗೆ ಬಲಿಯಾದರು.

ಪಕ್ಷ ಒಡೆಯಬಾರದು ಅಂತಲೇ ಹಾಸೆ ಅವತ್ತು ತಮ್ಮ ಮನಸ್ಸಿಗೆ ಒಪ್ಪದ ಮಾತು ಓದಿದ್ದು. ಮೂರು ವರ್ಷದೊಳಗೆ ಪಕ್ಷ ಒಡೆದೇ ಹೋಯ್ತು. ಅವತ್ತೇ ಆ 14 ಜನ ಎದ್ದು ಬೇಡ ಅಂದಿದ್ದರೆ? ಯೋಚಿಸಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.