ಸಂದು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಭತ್ತ ನಾಟಿ ಮಾಡಿ ಬಂದ ಹೆಣ್ಣಾಳು ‘ಸಂದು ಸಂದು ನೋಯ್ತಾವ’ ಎಂದರೆ ಅದು ಮೈಯ ಕೀಲು. ‘ಆ ಸಂದ್ಯಾಗ ಅವ್ರ ಮನಿ’ ಎಂದರೆ ಇಕ್ಕಟ್ಟಿನ ದಾರಿ. ಸಂಸ್ಕೃತದ ‘ಸಂಧಿ’ಗೆ ಕೂಡಿಸುವುದು ಎಂಬ ಅರ್ಥ. ಅದು ಕನ್ನಡದ ಬಾಯಲ್ಲಿ ಸಂದಿ, ಸಂದು ಆಗಿ ಕೂಡುವ ಜಾಗವನ್ನೂ ನಡುವಿನ ತೆರಪನ್ನೂ ಒಟ್ಟಿಗೇ ಹೇಳುತ್ತದೆ.

ಜೀವಶಾಸ್ತ್ರದ ‘ಕೋಶಸಂಧಿ’ಗೂ ಈ ಎರಡರ್ಥ ಒಪ್ಪುತ್ತದೆ. ದಿನವಿಡೀ ಕೆಸರುನೀರಲ್ಲಿ ನಿಂತರೂ ಆಕೆಯ ಪಾದದ ಚರ್ಮ ಬೆಳ್ಳಗೆ ಸುಕ್ಕುಗಟ್ಟುತ್ತದೆಯೇ ಹೊರತು ಬಿಡಿಬಿಡಿಯಾಗಿ ಕಳಚುವುದಿಲ್ಲ. ಚರ್ಮದ ಕೋಶಗಳನ್ನು ಡೆಸ್ಮೋಸೋಮ್ ಎಂಬ ಗುಂಡಿಗಳು ಜೋಡಿಸಿವೆ. ಅವುಗಳ ಕ್ಯಾಡ್ಹೆರಿನ್ ಪ್ರೋಟೀನುಗಳು ಪಕ್ಕದ ಕೋಶದ ಅಂಥವೇ ಪ್ರೋಟೀನುಗಳನ್ನು ಹಿಡಿಯುತ್ತವೆ. ಆ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕು. ಒಳಬದಿಯಲ್ಲಿ ಸುಮಾರು 10 ನ್ಯಾನೋಮೀಟರ್ ದಪ್ಪದ ಕೆರಟಿನ್ ಎಳೆಗಳು ಅದೇ ಗುಂಡಿಗೆ ಬಿಗಿದಿವೆ. ಹಾಗಾಗಿ ಒಂದೆಡೆ ಬಿದ್ದ ಎಳೆತ ಕೋಶಗಳ ಇಡೀ ಹಾಳೆಗೆ ಹಂಚಿಹೋಗುತ್ತದೆ. ಪೆಂಫಿಗಸ್ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಈ ಹಿಡಿತವನ್ನು ಸಡಿಲಿಸುತ್ತವೆ, ಮೈಮೇಲೆ ಬೊಬ್ಬೆಗಳು ಏಳುತ್ತವೆ.

ಕೋಶಸಂಧಿಯಲ್ಲಿ ಬೇರೆ ಬಗೆಗಳೂ ಇವೆ. ಕರುಳಿನ ಬಿಗಿಸಂಧಿ ಕೋಶಗಳ ನಡುವಿನ ಸೋರಿಕೆ ತಡೆಯುತ್ತದೆ. ಹೃದಯದ ತೆರಪುಸಂಧಿಯಲ್ಲಾದರೋ ಕಿರುನಾಳಗಳಿವೆ, ಅಯಾನುಗಳು ಅವುಗಳಲ್ಲೇ ದಾಟಿ ಕೋಶಗಳನ್ನು ಒಟ್ಟಿಗೆ ಮಿಡಿಸುತ್ತವೆ. ನಮ್ಮ ಓಣಿಯ ಸಂದಿ ಇದೇ.

ಆದರೆ ಕೋಶದೊಳಗಿನ ಕೆರಟಿನ್, ಆಕ್ಟಿನ್ ಮುಂತಾದ ಎಳೆಗಳ ವ್ಯವಸ್ಥೆಗೆ ‘ಕೋಶದ ಅಸ್ಥಿಪಂಜರ’ ಎನ್ನುವುದು ನನಗೆ ಹಿಡಿಸದು. ಅದರಲ್ಲಿ ಎಲುಬಿಲ್ಲ, ಆಕ್ಟಿನ್ ಎಳೆಗಳಂತೂ ಸದಾ ಬಿಚ್ಚಿ ಕಟ್ಟಿಕೊಳ್ಳುತ್ತಿರುತ್ತವೆ. ಪಠ್ಯ ಬರೆಯುವವರು ‘ಕೋಶದ ಹಂದರ’ ಎಂದು ಬಳಸಿ ನೋಡಲಿ.